ಮಗ ಕಂಬಳಿ ಎಣಿಸುತ್ತಾನೆ

ಆಗಸ್ಟ್ ಒಂಬತ್ತು: 'ಮಗನ ಫೋನ್ ಬಂತು. ಎಲ್ಲಿದ್ದೀ ಅಂದೆ, ಇಲ್ಲೇ ಅಂದ. ಏನು ಮಾಡಾಕತ್ತೀ ಅಂದೆ, ಏನಿಲ್ಲ ಅಂದ.' ನನ್ನ ಹಳೆಯ ಡೈರಿಯ ಈ ನಮೂದನ್ನು ಮೊನ್ನೆ ಮತ್ತೆ ಓದಿದೆ. ಮಗ ಸೈನ್ಯದ ಕಮಾಂಡೊ ಪಡೆ ಸೇರಿದರೆ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಜೇವರ್ಗಿಯ ನಮ್ಮ ಮನೆಯಲ್ಲಂತೂ ಸ್ವಲ್ಪ ಹೆಚ್ಚೇ ಆದವು.

೧. ವಿಚಾರಣೆ

ಅವನನ್ನು ಆ ಪಡೆಗೆ ಆರಿಸುವ ಮುಂಚೆ, ಸಾದಾ ಬಟ್ಟೆಯ ಅಧಿಕಾರಿಯೊಬ್ಬರು ನಮ್ಮ ಓಣಿಗೆ ಬಂದು ಅವನ ಗುಣ, ನಡತೆ ವಿಚಾರಿಸಿದರು. ನಮ್ಮ ಕಡೆ ಅಪರಿಚಿತರು ಹುಡುಗನ ಬಗ್ಗೆ ಕೇಳಿದರೆಂದರೆ ಅವರು ಹೆಣ್ಣಿನ ಕಡೆಯವರೇ. ಎದುರು ಮನೆಯಾಕೆ ಚಹಾ ಕೊಟ್ಟು ಶುರು ಮಾಡಿದಳು: "ಭಾಳ ಸಂಭಾವಿತ ಹುಡುಗ್ರಿ. ಕತ್ತಲಾದ್ರ ಹೊಸ್ತಿಲ ದಾಟಂಗಿಲ್ಲ. ಕೋಳಿ ಕೊಯ್ಯೋದು ಕಂಡ್ರ ಕಣ್ಣು ಮುಚ್ಚಕೋತಾನ."

ಬಂದವರು ಬರೆಯುವುದನ್ನು ನಿಲ್ಲಿಸಿ, "ಧೈರ್ಯ ಹೆಂಗದ?" ಅಂದರು.

"ಅದರ ಚಿಂತಿ ಬಿಡ್ರಿ," ಅಂದಳಾಕೆ, "ಹೆಂಡತಿಗೆ ಅಂಜಿಕೊಂಡೇ ಇರ್ತಾನ."

೨. ಕಂಬಳಿ

ಅವನು ಹೇಗೋ ಆಯ್ಕೆಯಾದ. "ಅವ್ವ, ನನ್ನ ಕೆಲಸ ಯಾರಿಗೂ ಹೇಳಬ್ಯಾಡ. ಸ್ಟೋರಿನ್ಯಾಗ ಕಂಬಳಿ ಎಣಸ್ತಾನ ಅನ್ನು. ಬಾಯಿ ಜಾರಿದ್ರ ನಮ್ಮ ಹುಡುಗರ ಜೀವಕ್ಕ ಕುತ್ತು" ಅಂದ. ನಾನು ಬಿ.ಎ. ಫಸ್ಟ್ ಕ್ಲಾಸ್, ಆದರೆ ಹೆಮ್ಮೆಯನ್ನು ನುಂಗಿ ಸುಮ್ಮನಿರುವುದನ್ನು ಕಾಲೇಜಿನಲ್ಲಿ ಕಲಿಸಿರಲಿಲ್ಲ.

ನಿಂಬರ್ಗಾದ ನೆಂಟರಲ್ಲಿ ಬಸುರಿ ಸೊಸೆಗೆ ಕುಬಸ, ಅಂದರೆ ಸೀಮಂತ. ನನ್ನ ತಂಗಿ, ಯಡ್ರಾಮಿಯಲ್ಲಿ ಪೊಲೀಸ್ ಆಗಿರುವ ತನ್ನ ಅಳಿಯನ ಶೌರ್ಯವನ್ನು ಊಟ ಮುಗಿಯುವವರೆಗೂ ಬಡಿಸಿ, "ನಿನ್ನ ಮಗ?" ಅಂದಳು.

"ಕಂಬಳಿ ಎಣಸ್ತಾನ" ಅಂದೆ. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

"ಇರ್ಲಿ ಬಿಡಕ್ಕ. ನಮಗೂ ಎರಡು ಕಳಸಾಕ ಹೇಳು."

ಕಲಬುರಗಿ ಬಜಾರಿನಲ್ಲಿ ಎರಡು ಕಂಬಳಿ ಕೊಂಡು, ಅಂಗಡಿಯ ಚೀಟಿ ಕಿತ್ತು ಕಳಿಸಿದೆ. ತಂಗಿ ಫೋನ್ ಮಾಡಿದಳು: "ಏನಂದ್ರೂ ಮಿಲಿಟರಿ ಮಾಲು ಮಿಲಿಟರಿ ಮಾಲೇ ಬಿಡು!"

೩. ಬಚ್ಚಲು

ಆಮೇಲೊಮ್ಮೆ ನಲವತ್ತೊಂದು ದಿನ ಫೋನ್ ಬರಲಿಲ್ಲ. ಬಂದಾಗ ಮಗ ಆಸ್ಪತ್ರೆಯಲ್ಲಿದ್ದ. "ಬಚ್ಚಲದಾಗ ಜಾರಿ ಬಿದ್ದೆ ಅವ್ವ." ಖಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಎರಡು ರೈಲು ಬದಲಿಸಿ ಹೋದೆ.

ವಾರ್ಡಿನಲ್ಲಿ ಸಾಲಾಗಿ ನಾಲ್ಕು ಮಂಚ, ನಾಲ್ಕರಲ್ಲೂ ಪಟ್ಟಿ ಸುತ್ತಿದ ಹುಡುಗರು. ಮಗನ ಪಕ್ಕದವನು ಅಫಜಲಪುರದ ಕಡೆಯವನು.

"ನಿನಗೇನಾಯ್ತಪ್ಪ?" ಅಂದೆ.

ಅವನು ನನ್ನ ಮಗನ ಮುಖ ನೋಡಿದ. "ಬಚ್ಚಲದಾಗ ಬಿದ್ದೇನ್ರಿ."

ಮಿಕ್ಕ ಇಬ್ಬರೂ ತಲೆಯಾಡಿಸಿದರು.

"ನಾಲ್ಕೂ ಮಂದಿ ಒಂದೇ ಬಚ್ಚಲದಾಗ ಬಿದ್ದೀರೇನಲೇ?"

"ಹೌದ್ರಿ ಅವ್ವ," ಅಂದ ಅಫಜಲಪುರದವನು, "ಭಾಳ ದೊಡ್ಡ ಬಚ್ಚಲ್ರಿ."

ನಾಲ್ವರೂ ನಕ್ಕರು, ಹೊಲಿಗೆ ಜಗ್ಗಿ ನರಳಿ, ಮತ್ತೆ ನಕ್ಕರು. ನಾನೂ ನಕ್ಕೆ. ರೊಟ್ಟಿ ಮುರಿದು ಒಬ್ಬೊಬ್ಬರ ಬಾಯಿಗೂ ಇಟ್ಟೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ.

ಮಗನಿಗೆ ಈಗ ಎಡಗಿವಿ ಕೇಳಿಸುವುದಿಲ್ಲ. ಬಲಗೈಯಲ್ಲಿ ಎರಡು ಬೆರಳಿಲ್ಲ. ಅಂದು ಹೋದವರು ಐವರು ಎಂಬುದು ಎಷ್ಟೋ ದಿನದ ಮೇಲೆ ತಿಳಿಯಿತು; ಬಂದವರು ನಾಲ್ವರು.