ಪೈಥಾನ್ ಕಲಿತ ಸೊಸೆಯ ಅತ್ತೆ

ಜೋಗೇಶ್ವರಿಯಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಕ್ಲಾಸ್ ನಡೆಸುವ ನನಗೆ ನಗುವಿಗೆಂದೂ ಬರವಿಲ್ಲ. ತಪ್ಪು ಮಾಡುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ತಪ್ಪಾದ ಮೇಲೆ ಏನು ಮಾಡಬೇಕೆಂದು ಕಲಿಸುವಾಗಲೇ ಮಜಾ. ಈಚೆಗೆ ಬೊರಿವಲಿಯಿಂದ ಒಬ್ಬ ಗೃಹಿಣಿ ಬರುತ್ತಿದ್ದರು, ವಿಜಯಪುರದ ಕಡೆಯವರು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಕೆಲಸ ಹಿಡಿಯಲೇಬೇಕೆಂಬ ಹಟ ಅವರಿಗೆ. ಆ ಹಟ ನನಗೆ ಬಹಳ ಹಿಡಿಸಿತ್ತು. ಮನೆಯಲ್ಲಿ ಅವರ ಅಭ್ಯಾಸಕ್ಕೆ ಜೊತೆಯಾದವರು ಅತ್ತೆ.

ಎಷ್ಟು ರೊಟ್ಟಿ?

ಅವರ ಮೊದಲ ಪ್ರೋಗ್ರಾಮ್, ಎಷ್ಟು ರೊಟ್ಟಿ ಬೇಕೆಂದು ಕೇಳಿ ಹಿಟ್ಟಿನ ಅಳತೆ ಹೇಳುವುದು. ಅತ್ತೆಯನ್ನು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಟೈಪ್ ಮಾಡಿದರಂತೆ: “ಎರಡ ಸಾಕು, ಮತ್ತ ಬೇಕಾದ್ರ ಕೇಳ್ತೀನಿ.” ಅಂಕಿ ಇರಬೇಕಾದಲ್ಲಿ ಮಾತು ಬಂದದ್ದೇ ತಡ, ಎರರ್ ಬಂದು ಪ್ರೋಗ್ರಾಮ್ ನಿಂತಿತು.

ಇಂಥ ಎರರ್ ಬಂದರೆ ನಿಲ್ಲಬಾರದು, ಅದನ್ನು ಹಿಡಿದು ಮತ್ತೊಮ್ಮೆ ಕೇಳಬೇಕು ಎಂದು ಕಲಿಸಿದೆ. ಮರುದಿನ ಪ್ರೋಗ್ರಾಮ್ ಕೇಳುತ್ತಲೇ ಇತ್ತಂತೆ, ಅತ್ತೆ ಅದೇ ಉತ್ತರ ಕೊಡುತ್ತಲೇ ಇದ್ದರಂತೆ. ಕೊನೆಗೆ ಅವರು, “ಇದಕ್ಕ ಊಟಕ್ಕ ಹಾಕೂ ಮನಸ್ಸs ಇಲ್ಲ” ಎಂದು ಎದ್ದು ಹೋದರು.

ಎಲ್ಲಾ ಚಲೋ

ಎರರ್ ಹಿಡಿಯುವುದು ಗೊತ್ತಾದ ಮೇಲೆ ಸೊಸೆ ಎಲ್ಲ ಎರರನ್ನೂ ಹಿಡಿದು, ಹೊರಗೆ ತೋರಿಸದೆ ನುಂಗತೊಡಗಿದರು. ಅವರ ಪ್ರೋಗ್ರಾಮ್ ಓದಬೇಕಿದ್ದ ಫೈಲನ್ನೇ ನಾನು ಪರೀಕ್ಷೆಗೆಂದು ಅಳಿಸಿಹಾಕಿದೆ. ಆದರೂ ತೆರೆಯ ಮೇಲೆ “ಎಲ್ಲಾ ಚಲೋ ಐತಿ” ಎಂದು ಬಂತು. ಹೀಗೇಕೆ ಎಂದು ಕೇಳಿದರೆ, “ಬೀಗರು ಬಂದಾಗ ಸಿಲಿಂಡರ್ ಖಾಲಿ ಆಗಿದ್ರೂ ಎಲ್ಲಾ ಚಲೋ ಅಂತೀವಲ್ರೀ ಸರ್” ಎಂದರು.

ಬೀಗರ ಮುಂದೆ ಅದು ಸರಿ, ಇಲ್ಲಿ ಏನಿಲ್ಲವೋ ಅದನ್ನು ಬಾಯಿಬಿಟ್ಟು ಹೇಳಬೇಕು ಎಂದೆ. ಮರುದಿನ ತೆರೆಯ ಮೇಲೆ ಹೊಸ ಸಾಲು: “ಫೈಲ್ ಇಲ್ಲ. ಆದ್ರೂ ಚಹಾ ಕುಡದ ಹೋಗ್ರಿ.”

ಪವಾಯಿಯ ಇಂಟರ್‌ವ್ಯೂ

ಕಡೆಗೂ ಪವಾಯಿಯ ಒಂದು ಆಫೀಸಿನಿಂದ ಕರೆ ಬಂತು. ಇಂಟರ್‌ವ್ಯೂ ಮನೆಯಿಂದಲೇ, ವಿಡಿಯೋದಲ್ಲಿ. ಹಿಂದೆ ಮಂಚದ ಮೇಲೆ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಎಲ್ಲ ಸುಸೂತ್ರವಾಗಿ ನಡೆದಿತ್ತು. ಆಗ ಇಂಟರ್‌ವ್ಯೂ ಮಾಡುತ್ತಿದ್ದ ಸಾಹೇಬರು ಹಿಂದಿಯಲ್ಲಿ, ಯಾವ ಎರರನ್ನು ಹಿಡಿದು ಮುಚ್ಚಬಾರದು ಎಂದು ಕೇಳಿದರು. ಸೊಸೆ ಆ ಪ್ರಶ್ನೆಯನ್ನೇ ಕನ್ನಡದಲ್ಲಿ ಗೊಣಗಿಕೊಂಡರು.

“ನಿನ್ನೆ ಇಡೀ ದಿನ ನನ್ನ ಮುಂದ ಹೇಳಿದ್ಯಲ್ಲವಾ,” ಎಂದರು ಅತ್ತೆ. “ನಾವು ಬರದದ್ದs ತಪ್ಪಿದ್ರ ಮುಚ್ಚಬಾರದು, ಪ್ರೋಗ್ರಾಮ್ ನಿಲ್ಲಲಿ, ತಿದ್ದಬೇಕು ಅಂತ. ಹೇಳು.”

ಕೆಲಸ ಕೈತಪ್ಪಿತು ಎಂದುಕೊಂಡ ಸೊಸೆ, ಉತ್ತರ ನಮ್ಮತ್ತೆಯದು ಎಂದು ಒಪ್ಪಿಕೊಂಡರು. ಸಾಹೇಬರಿಗೆ ಕನ್ನಡ ಬರುತ್ತಿತ್ತು. ಜೋರಾಗಿ ನಕ್ಕು, ನಿಮ್ಮನ್ನು ತೆಗೆದುಕೊಂಡಿದ್ದೇವೆ, ಅತ್ತೆಯವರನ್ನೂ ಕರೆದುಕೊಂಡು ಬನ್ನಿ ಎಂದರು.

ಅತ್ತೆ ಗಾಬರಿಬಿದ್ದು, ಕೈಯಲ್ಲಿ ಸೊಪ್ಪು ಹಿಡಿದೇ ಕ್ಯಾಮೆರಾದ ಮುಂದೆ ಬಂದರು.

“ನಾ ಬರೂದ ಆಗೂದಿಲ್ರೀ ಸಾಹೇಬ್ರ. ಹುಡುಗರ್ನ ಸಾಲಿಯಿಂದ ಕರ್ಕೊಂಡ ಬರಾವರು ಯಾರೂ ಇಲ್ಲ. ಬೇಕಾದ್ರ ಮನ್ಯಾಗ ಕುಂತs ಮಾಡ್ತೀನಿ.”