ಅಧ್ಯಕ್ಷರೊಡನೆ ಅಧ್ಯಕ್ಷರ ಮಾತುಕತೆ

ಗುಮಾಸ್ತ ರಜೆ ಕೇಳಿದ್ದು ತಪ್ಪಲ್ಲ, ಕೇಳಿದ ಗಳಿಗೆ ಸರಿಯಿರಲಿಲ್ಲ. ಕಾರ್ಮಿಕ ಸಂಘಗಳ ಮಹಾ ಒಕ್ಕೂಟದ ಅಧ್ಯಕ್ಷರು ಆಗ ಕಿಟಕಿಗೆ ಬೆನ್ನು ಕೊಟ್ಟು ನಿಂತು, ‘ಜಗತ್ತಿನಾದ್ಯಂತ ದುಡಿಯುವವರ ಹಕ್ಕುಗಳು’ ಎಂಬ ತಮ್ಮ ಮುಂದಿನ ಭಾಷಣವನ್ನು ಹೇಳಿ ಬರೆಸುತ್ತಿದ್ದರು.

“ಹಾಕ್ಕೋ. ಒಂದು ದೇಶದಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಮಾಲೀಕ ಫೋನ್ ಮಾಡೋ ಹಾಗಿಲ್ಲ. ಮಾಡಿದ್ರೂ ನೌಕರ ಎತ್ತಬೇಕಾಗಿಲ್ಲ.”

ಗುಮಾಸ್ತ ಟೈಪು ಮಾಡಿದ. ಹಿಂದಿನ ದಿನ ಅವನು ಊಟದ ತಟ್ಟೆಯ ಮುಂದೆ ಕುಳಿತಿದ್ದಾಗ ಇದೇ ಅಧ್ಯಕ್ಷರು ಮೇಲಿಂದ ಮೇಲೆ ಫೋನ್ ಮಾಡಿ, ಕಚೇರಿಯ ಛತ್ರಿ ಎಲ್ಲಿಟ್ಟಿದ್ದೀಯ ಎಂದು ವಿಚಾರಿಸಿದ್ದರು. ಛತ್ರಿ ಅವರ ಕಾರಿನಲ್ಲೇ ಇತ್ತು.

“ಇನ್ನೊಂದು ದೇಶದಲ್ಲಿ ವಾರಕ್ಕೆ ನಾಲ್ಕೇ ದಿನ ಕೆಲಸ ಸಾಕು ಅಂತ ಪ್ರಯೋಗ ನಡೀತಿದೆ. ಹಾಕ್ಕೊಂಡ್ಯಾ?”

“ಹಾಕ್ಕೊಂಡೆ ಸಾರ್. ಸಾರ್, ನಂಗೆ ಎರಡು ದಿನ ರಜೆ ಬೇಕಿತ್ತು.”

ಅಧ್ಯಕ್ಷರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ನೋಡಿದರು. “ರಜೆಯಾ? ಜಗತ್ತಿನ ಕಾರ್ಮಿಕರು ಇಷ್ಟು ಕಷ್ಟದಲ್ಲಿರೋವಾಗ ನಿಂಗೆ ರಜೆ ಬೇಕಾ?”

“ನಾಳೆ ನಾದಿನಿ ಮದುವೆ ಸಾರ್. ಸಂಜೆ ಬಸ್ಸಿಗೆ ಸೀಟು ಬುಕ್ ಮಾಡ್ಸಿದೀವಿ...”

“ಮದುವೆ ಅವಳದ್ದು, ನಿಂದಲ್ಲವಲ್ಲ!” ಎಂದು ಅಧ್ಯಕ್ಷರು ಚಪ್ಪಲಿ ಮೆಟ್ಟಿದರು. ಯಾವುದೋ ಬಟ್ಟೆ ಗಿರಣಿಯ ಬಾಗಿಲಲ್ಲಿ ಅವರ ಭಾಷಣಕ್ಕೆ ಜನ ಕಾಯುತ್ತಿದ್ದರು. ಅಲ್ಲಿನ ನೌಕರರಿಗೂ ರಜೆ ಕೊಡುತ್ತಿರಲಿಲ್ಲವಂತೆ, ಇವರ ರಕ್ತ ಕುದಿಯುತ್ತಿತ್ತಂತೆ.

ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯ ಕಡೆಯ ಒಂದು ಸಮಾರಂಭಕ್ಕೂ ಗುಮಾಸ್ತ ಹೋದವನಲ್ಲ. ಭಾಮೈದನ ಮದುವೆಯ ದಿನ ಗಣಿ ಮುಷ್ಕರ. ಮಾವನಿಗೆ ಆಪರೇಷನ್ ಆದ ದಿನ ಬಂದರು ಮುಷ್ಕರ. ಅತ್ತೆಯಂತೂ ಮಗಳನ್ನು ಪಕ್ಕಕ್ಕೆ ಕರೆದು, “ನಿಜ ಹೇಳೇ, ಅಳಿಯಂದಿರು ನಿನ್ನ ಜೊತೇಲೇ ಇದಾರೋ ಇಲ್ವೋ?” ಎಂದು ಕೇಳಿಬಿಟ್ಟಿದ್ದರು. ಆ ದಿನ ಬೆಳಿಗ್ಗೆ ಹೆಂಡತಿ ಪೆಟ್ಟಿಗೆಯ ಮುಚ್ಚಳ ಹಾಕುತ್ತಾ ಕೂಗಾಡದೆ ತಣ್ಣಗೆ ಹೇಳಿದ್ದಳು: “ಈ ಸಲ ನೀವು ಬರ್ಲಿಲ್ಲ ಅಂದ್ರೆ, ಆ ಜನರ ಮುಂದೆ ನಾನು ಇನ್ನೊಂದು ಸುಳ್ಳು ಹೇಳಲ್ಲ ರೀ. ನಂಗೆ ಸಾಕಾಗಿದೆ.” ಆ ತಣ್ಣನೆಯ ದನಿಗೆ ಗುಮಾಸ್ತ ನಿಜಕ್ಕೂ ಹೆದರಿದ್ದ. ಹೇಳದೆ ಕೇಳದೆ ಹೊರಟುಬಿಡೋಣವೆಂದರೆ, ವಾಪಸು ಬರುವಷ್ಟರಲ್ಲಿ ತನ್ನ ಕುರ್ಚಿಯಲ್ಲಿ ಇನ್ನೊಬ್ಬ ಕುಳಿತಿರುತ್ತಾನೆಂಬುದೂ ಅವನಿಗೆ ಗೊತ್ತಿತ್ತು.

ಸಂಕಟ ತಡೆಯಲಾರದೆ ಕೆಳಗಿನ ಚಹಾ ಅಂಗಡಿಗೆ ಇಳಿದ. ಇಳಿದದ್ದೇ ಎಡವಟ್ಟಾಯಿತು. ಅಲ್ಲಿ ನಿವೃತ್ತ ಮೇಸ್ತ್ರಿ ಕುಳಿತಿದ್ದರು. ಕಾರ್ಖಾನೆ ಬಿಟ್ಟ ಮೇಲೆ ಮುಷ್ಕರ ಮಾಡಲು ಎಲ್ಲೂ ಅವಕಾಶ ಸಿಗದೆ ಸೊರಗಿ ಹೋಗಿದ್ದ ಜೀವ ಅದು. ಗುಮಾಸ್ತನ ಕತೆ ಕೇಳುತ್ತಾ ಕೇಳುತ್ತಾ ಅವರ ಬೆನ್ನು ತಾನಾಗಿ ನೆಟ್ಟಗಾಯಿತು.

“ಒಬ್ಬನೇ ಹೋಗಿ ಕೈ ಚಾಚಿದ್ರೆ ಅದನ್ನ ಯಾರು ಕೇಳ್ತಾರೆ ತಮ್ಮಾ? ಎಲ್ಲರೂ ಸೇರಿ ಕೇಳಬೇಕು. ನಿಮ್ಮ ಕಚೇರೀಲಿ ಎಷ್ಟು ಜನ ನೌಕರರು?”

“ನಾನು ಮತ್ತೆ ಅಕ್ಕ.”

“ಸಾಕು! ಕರಿ ಅಕ್ಕನ್ನ.”

ಅಕ್ಕ ಎಂದರೆ ಕಚೇರಿ ಗುಡಿಸಿ ಒರೆಸುವವಳು. ಗುಮಾಸ್ತ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ಇದ್ದವಳು. ಒಂದು ದಿನವೂ ರಜೆ ಕೇಳಿದವಳಲ್ಲ, ಏಕೆಂದರೆ ರಜೆ ಎಂಬುದೊಂದು ಇದೆಯೆಂದು ಆ ಕಚೇರಿಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ವಿಷಯ ಕೇಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಮುಷ್ಕರ ಅಂದ್ರೆ ಕೂತ್ಕೊಳ್ಳೋದು ತಾನೇ? ಕೂತ್ಕೋತೀನಿ ಬಿಡಿ. ಮೆಟ್ಟಿಲ ಹತ್ರ ಒಂದು ಬಲ್ಬು ಹಾಕ್ಸಿ ಅಂತ ಅದನ್ನೂ ಸೇರಿಸ್ಕೊಳ್ಳಿ.”

ಚಹಾದಂಗಡಿಯವನೂ ನುಗ್ಗಿದ. ಮೇಲಕ್ಕೆ ಹೋದ ಕಪ್ಪು ಬಸಿಗಳು ಮರಳಿ ಕೆಳಕ್ಕೆ ಬರುತ್ತಿಲ್ಲ, ಅದೂ ಬೇಡಿಕೆಯಾಗಲಿ ಎಂದ. ನೀನು ನೌಕರನಲ್ಲವಲ್ಲ ಎಂದರೆ, “ನಾನು ಬೆಂಬಲ ಕೊಡೋನು. ಬೆಂಬಲ ಕೊಡೋರಿಗೂ ಒಂದು ಬೇಡಿಕೆ ಬೇಡ್ವಾ?” ಎಂದು ದಬಾಯಿಸಿದ.

ಮುಷ್ಕರಕ್ಕೆ ಸಾಮಾನು ಹುಡುಕುವ ಕಷ್ಟವೂ ಇರಲಿಲ್ಲ. ಮಹಾ ಒಕ್ಕೂಟದ ಉಗ್ರಾಣದಲ್ಲಿ ಬಾವುಟ, ಕೋಲು, ಕೈ ಮೈಕು ಎಲ್ಲವೂ ಓರಣವಾಗಿದ್ದವು. ಅದರ ಬೀಗದ ಕೈ ಗುಮಾಸ್ತನ ಜೇಬಿನಲ್ಲೇ ಇತ್ತು. ‘ದರ್ಪ ತೋರುವ ಆಡಳಿತಕ್ಕೆ ಧಿಕ್ಕಾರ’ ಎಂಬ ಬ್ಯಾನರು ಸಿದ್ಧವಾಗಿಯೇ ಸಿಕ್ಕಿತು. ಗಳಿಗೆಯೊಳಗೆ ಒಕ್ಕೂಟದ ಮೆಟ್ಟಿಲ ಮೇಲೆ ಒಕ್ಕೂಟದ ವಿರುದ್ಧ ಒಕ್ಕೂಟದ್ದೇ ಬಾವುಟ ಹಾರಾಡತೊಡಗಿತು. ದಾರಿಹೋಕರು ನಿಂತರು. ಕೆಲಸವಿಲ್ಲದವರು ಕುಳಿತರು. ಯಾರಿಗೆ ಯಾರ ಮೇಲೆ ಸಿಟ್ಟಿತ್ತೋ, ಧಿಕ್ಕಾರ ಮಾತ್ರ ಎಲ್ಲರ ಬಾಯಿಂದಲೂ ಹೊರಟಿತು.

ಗುಮಾಸ್ತ ಮೇಸ್ತ್ರಿಯ ತೋಳು ಹಿಡಿದೆಳೆದ. “ಮೇಸ್ತ್ರಿಗಳೇ, ಸಾಕು ಬಿಡಿ. ನಾನು ಇನ್ನೊಂದ್ಸಲ ಮೆತ್ತಗೆ ಕೇಳಿ ನೋಡ್ತೀನಿ.”

“ಬಾಯಿ ಮುಚ್ಚು! ಇಷ್ಟು ಜನ ನಿನಗೋಸ್ಕರ ಬಿಸಿಲಲ್ಲಿ ಒಣಗ್ತಿದಾರೆ. ಹೋರಾಟ ಅರ್ಧಕ್ಕೆ ಬಿಡ್ತೀಯಾ, ದ್ರೋಹಿ!” ಎಂದು ಮೇಸ್ತ್ರಿ ಮೈಕನ್ನು ಅವನ ಕೈಗೆ ತುರುಕಿದರು.

ಅಷ್ಟರಲ್ಲಿ ಅಧ್ಯಕ್ಷರ ಕಾರು ಬಂತು. ಗುಮಾಸ್ತನ ಜೀವ ಬಾಯಿಗೆ ಬಂತು. ಆದರೆ ಅವನು ಒಂದು ಸಂಗತಿಯನ್ನು ಮರೆತಿದ್ದ. ಅಧ್ಯಕ್ಷರಿಗೆ ಬಾವುಟ ಕಂಡರೆ ಮುಂದೆ ನಿಂತು ಅಭ್ಯಾಸವೇ ಹೊರತು, ಯಾಕೆ ಹಾರುತ್ತಿದೆ ಎಂದು ಕೇಳಿ ಅಭ್ಯಾಸವಿರಲಿಲ್ಲ. ಕಾರು ಪೂರ್ತಿ ನಿಲ್ಲುವ ಮೊದಲೇ ಧುಮುಕಿ, ಜನರನ್ನು ಸರಿಸಿಕೊಂಡು ಮೆಟ್ಟಿಲೇರಿ, ಗುಮಾಸ್ತನ ಕೈಯಿಂದಲೇ ಮೈಕು ಕಿತ್ತುಕೊಂಡರು.

“ಬಂಧುಗಳೇ! ನಿಮ್ಮ ಬೇಡಿಕೆ ಏನು?”

“ರಜೆ!” ಎಂದರು ಜನ.

“ರಜೆ! ಜಗತ್ತಿನ ಉದ್ದಗಲಕ್ಕೂ ದುಡಿಯೋರು ಹೋರಾಡಿ ಪಡೆದ ಹಕ್ಕು ಅದು! ಅದನ್ನ ಕೊಡದ ಆ ಕಲ್ಲೆದೆಯ ಮಾಲೀಕ ಯಾರು? ಅವನಿಗೆ ಹೆಂಡ್ತಿ ಮಕ್ಕಳಿಲ್ವಾ? ನಾಚಿಕೆ ಇಲ್ವಾ? ಅವನ ಹೆಸರು ಹೇಳಿ, ಈಗಲೇ ಅವನ ಮುಂದೆ ಕೂತು ಮಾತಾಡ್ತೀನಿ!”

ಚಪ್ಪಾಳೆಯೋ ಚಪ್ಪಾಳೆ. ಗುಮಾಸ್ತ ಕಂಬದ ಹಿಂದೆ ಸರಿದ. ಕೊನೆಗೆ ಅಕ್ಕ ಕೂತಲ್ಲಿಂದಲೇ ಹೇಳಿದಳು: “ಮಾಲೀಕರು ನೀವೇ ಸ್ವಾಮೀ.”

ಬೇರೆಯವರಾಗಿದ್ದರೆ ಭೂಮಿ ಬಾಯಿ ಬಿಡಲಿ ಎನ್ನುತ್ತಿದ್ದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು, ಅಷ್ಟೇ. “ಇರಬಹುದು. ಆದ್ರೆ ಕೊಟ್ಟ ಮಾತಿಗೆ ನಾನು ತಪ್ಪೋನಲ್ಲ. ನಿಮ್ಮ ಪರವಾಗಿ ಮಾತುಕತೆಗೆ ನಾನೇ ಕೂರ್ತೀನಿ. ಆಡಳಿತದ ಪರವಾಗಿ... ಅದೂ ನಾನೇ ಕೂರ್ಬೇಕಲ್ಲ. ಇರ್ಲಿ. ಗುಮಾಸ್ತಾ, ನಡಾವಳಿ ಬರ್ಕೊಳ್ಳೋಕೆ ಬಾ.”

ಹೀಗೆ ಗುಮಾಸ್ತ ತನ್ನ ಮುಷ್ಕರದ ಮಾತುಕತೆಗೆ ತಾನೇ ಗುಮಾಸ್ತನಾಗಿ ಕುಳಿತ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ದೊಡ್ಡ ಕುರ್ಚಿಯಲ್ಲಿ ಕುಳಿತರೆ ಆಡಳಿತ. ಕನ್ನಡಕ ತೆಗೆದು ಎದುರಿನ ಮರದ ಸ್ಟೂಲಿಗೆ ಬಂದರೆ ಕಾರ್ಮಿಕ. ಬಾಗಿಲಲ್ಲಿ ಮೇಸ್ತ್ರಿ, ಅಕ್ಕ, ಚಹಾದಂಗಡಿಯವನು ಕತ್ತು ಚಾಚಿಕೊಂಡು ನಿಂತಿದ್ದರು.

ಬಲ್ಬಿನ ಬೇಡಿಕೆ ಬೇಗ ಮುಗಿಯಿತು. ಕಪ್ಪು ಬಸಿಗಳಿಗೆ ಸ್ವಲ್ಪ ಎಳೆದಾಟವಾಯಿತು. ರಜೆಯ ಮಾತು ಬಂದಾಗ ಗುಮಾಸ್ತನ ಫೋನು ಒದರಿತು.

“ರೀ, ಎಲ್ಲಿದೀರಾ? ನಾನು ಬಸ್ ಸ್ಟ್ಯಾಂಡಿಗೆ ಬಂದಾಯ್ತು.”

“ಮಾತುಕತೆ ನಡೀತಿದೆ ಕಣೇ. ಇನ್ನೇನು ಮುಗಿಯುತ್ತೆ.”

“ಯಾರ್ ಯಾರ ಮಧ್ಯೆ?”

ಗುಮಾಸ್ತ ದೊಡ್ಡ ಕುರ್ಚಿಯನ್ನೊಮ್ಮೆ, ಸ್ಟೂಲನ್ನೊಮ್ಮೆ ನೋಡಿ ಫೋನು ಇಟ್ಟ.

ಕನ್ನಡಕದ ಅಧ್ಯಕ್ಷರು ಅವನ ಮುಖ ನೋಡಿದರು. ಏನನ್ನಿಸಿತೋ, ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು. “ಹೋಗ್ಲಿ ಪಾಪ. ನಾದಿನಿ ಮದುವೆ ಅಂತಾನೆ. ಇವನಿಗೆ ಎರಡು ದಿನ ರಜೆ ಕೊಟ್ಟಿದೀನಿ. ಈಗಲೇ ಹೊರಡ್ಲಿ.”

ಗುಮಾಸ್ತ ಪೆನ್ನು ಬಿಸಾಕಿ ಎದ್ದೇಬಿಟ್ಟ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಆದರೆ ಅಷ್ಟರೊಳಗೆ ಅಧ್ಯಕ್ಷರು ಕನ್ನಡಕ ತೆಗೆದು ಸ್ಟೂಲಿಗೆ ಬಂದಾಗಿತ್ತು.

“ಕೂತ್ಕೊಳ್ಳಯ್ಯಾ!” ಎಂದು ಮೇಜು ಗುದ್ದಿದರು. “ಒಬ್ಬನಿಗೆ ರಜೆನಾ? ಒಬ್ಬನಿಗೆ ಕೊಟ್ಟು ಉಳಿದವರನ್ನ ಒಡೆಯೋ ಕುತಂತ್ರ ಇದು! ಇಂಥಾವು ನಾನು ಎಷ್ಟು ನೋಡಿಲ್ಲ! ಕೊಟ್ರೆ ಎಲ್ಲರಿಗೂ ಕೊಡಿ, ನಿಯಮ ಮಾಡಿ ಕೊಡಿ. ಭಿಕ್ಷೆ ನಮಗೆ ಬೇಡ!”

“ಭಲೇ!” ಎಂದರು ಮೇಸ್ತ್ರಿ ಬಾಗಿಲಿಂದ.

“ಸಾರ್, ನಂಗೆ ಭಿಕ್ಷೆ ಆದ್ರೂ ನಡೆಯುತ್ತೆ ಸಾರ್...” ಗುಮಾಸ್ತ ಕೈಮುಗಿದ.

“ನೀನು ನಡಾವಳಿ ಬರಿ. ನಿನ್ನ ಹಕ್ಕಿನ ವಿಷಯ ನಿಂಗೇನು ಗೊತ್ತು!”

ಆಮೇಲೆ ಜಗಳ ಕಾವೇರಿತು. ಆಡಳಿತ ಇದು ಸಾಧ್ಯವೇ ಇಲ್ಲ ಎಂದಿತು. ಕಾರ್ಮಿಕ ಪ್ರತಿನಿಧಿ ಸಿಟ್ಟಿನಿಂದ ಸಭೆ ಬಿಟ್ಟು ಎದ್ದು ಹೊರಟು ಪಡಸಾಲೆಯಲ್ಲಿ ನಿಂತರು. ಒಳಗೆ ಆಡಳಿತದ ಕುರ್ಚಿಯೂ ಖಾಲಿ. ಗುಮಾಸ್ತನೇ ಹೋಗಿ, ಬನ್ನಿ ಸಾರ್, ನಿಮಗೋಸ್ಕರ ಅವರು ಕಾಯ್ತಿದಾರೆ ಎಂದು ಗೋಗರೆದು ಕರೆತರಬೇಕಾಯಿತು. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಫೋನು ಮತ್ತೆ ಮತ್ತೆ ಒದರಿ ಸುಮ್ಮನಾಗುತ್ತಿತ್ತು. ಗುಮಾಸ್ತ ದೊಡ್ಡ ಕುರ್ಚಿಯ ಕಡೆ ತಿರುಗಿ, “ಒಪ್ಕೊಂಡ್ಬಿಡಿ ಸಾರ್, ನಿಯಮಾನೇ ಮಾಡ್ಬಿಡಿ, ಏನಾದ್ರೂ ಮಾಡಿ!” ಎಂದು ಅಂಗಲಾಚಿದ.

ಕೊನೆಗೂ ಆಡಳಿತ ಸೋತಿತು. ಅಧ್ಯಕ್ಷರು ಎದ್ದು, ತಮ್ಮ ಬಲಗೈಯಿಂದ ತಮ್ಮ ಎಡಗೈಯನ್ನು ಹಿಡಿದು ಕುಲುಕಿದರು. ಆಮೇಲೆ ಪಡಸಾಲೆಗೆ ಬಂದು ಕೆಳಗಿನ ಜನಕ್ಕೆ ಕೇಳುವಂತೆ ಸಾರಿದರು: “ಐತಿಹಾಸಿಕ ವಿಜಯ! ಇವತ್ತಿನಿಂದಲೇ ಈ ಕಚೇರಿಯ ಪ್ರತಿಯೊಬ್ಬ ನೌಕರನಿಗೂ ಎರಡೆರಡು ದಿನ ಪೂರ್ತಿ ರಜೆ! ಸೇವೆಯ ಹಿರಿತನದ ಪ್ರಕಾರ, ಒಬ್ಬರಾದ ಮೇಲೆ ಒಬ್ಬರಿಗೆ! ಒಬ್ಬರು ರಜೆ ಮೇಲಿದ್ದಾಗ ಇನ್ನೊಬ್ಬರು ಕಚೇರಿ ಬಿಟ್ಟು ಕದಲೋ ಹಾಗಿಲ್ಲ!”

ಜೈಕಾರ ಮುಗಿಲು ಮುಟ್ಟಿತು. ಗುಮಾಸ್ತನೂ ಎರಡು ಕೈಯೆತ್ತಿ ಜೈ ಎಂದ. ಜೈ ಎಂದ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ಮೆಲ್ಲಗೆ ತಿರುಗಿ ಅಕ್ಕನನ್ನು ನೋಡಿದ. ಎಲ್ಲರೂ ಅಕ್ಕನನ್ನೇ ನೋಡುತ್ತಿದ್ದರು.

“ಅಂದ್ರೆ ಮೊದಲು ನಾನಾ?” ಎಂದಳು ಅಕ್ಕ.

“ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತಿಂದು ನಂಗೆ ಬಿಟ್ಕೊಡು.”

ಅಕ್ಕನಿಗೆ ಅಭ್ಯಂತರವೇನೂ ಇರಲಿಲ್ಲ, “ತಗೋ ತಮ್ಮಾ” ಎನ್ನಲು ಬಾಯಿ ತೆರೆದಳು. ಮೇಸ್ತ್ರಿ ಅಡ್ಡ ಬಂದರು. “ಹಕ್ಕು ಬಿಟ್ಕೊಡೋದಾ? ಹೋರಾಡಿ ಗೆದ್ದ ಹಕ್ಕನ್ನ? ನಾಳೆ ಮಾಲೀಕರು ಎಲ್ಲರ ಹತ್ರನೂ ಹೀಗೇ ಬಿಡಿಸ್ಕೋತಾರೆ. ನಾನು ಬದುಕಿರೋವರೆಗೂ ಆಗಲ್ಲ!” ಅಧ್ಯಕ್ಷರು ಕನ್ನಡಕ ಹಾಕಿಕೊಂಡೂ ಒಪ್ಪಲಿಲ್ಲ, ತೆಗೆದೂ ಒಪ್ಪಲಿಲ್ಲ.

ಫೋನು ಒದರಿತು. ಈ ಸಲ ಗುಮಾಸ್ತ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದ. ಆಮೇಲೆ ಹೆಂಡತಿ ಅದೇ ತಣ್ಣನೆಯ ದನಿಯಲ್ಲಿ, “ಅಕ್ಕನಿಗೆ ಕೊಡಿ ಫೋನು” ಎಂದಳು.

ಅಕ್ಕ ಹ್ಞೂಂ ಎಂದಳು, ಅಯ್ಯೋ ಎಂದಳು, ನಾಚಿಕೊಂಡು ನಕ್ಕಳು. ಫೋನು ವಾಪಸು ಕೊಟ್ಟು ಸೆರಗು ಸರಿಮಾಡಿಕೊಂಡಳು. “ಸೀಟು ಸುಮ್ನೆ ಖಾಲಿ ಹೋಗುತ್ತಲ್ಲ, ನೀವೇ ಬನ್ನಿ ಅಂತ ಕರೀತಿದಾರೆ ತಮ್ಮಾ. ನಾನೂ ಮದುವೆ ಊಟ ಮಾಡಿ ಎಷ್ಟು ಕಾಲವಾಯ್ತೋ. ಹೋಗಿ ಬರ್ಲಾ?”

ಚಹಾದಂಗಡಿಯವನು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹಾರಿಸಿಕೊಂಡು ಹೋದ. ಜನ ಚದುರಿದರು. ಗುಮಾಸ್ತ ಬಾವುಟ ಮಡಿಸಿ ಉಗ್ರಾಣದಲ್ಲಿಟ್ಟು, ಬೀಗ ಹಾಕಿ, ಮೆಟ್ಟಿಲ ಮೇಲೆ ಕುಳಿತುಕೊಂಡ. ಅವನ ಸರದಿಯ ರಜೆ ಅಕ್ಕ ಬಂದ ಮರುದಿನದಿಂದ, ಮದುವೆಮನೆಯ ಚಪ್ಪರ ಬಿಚ್ಚಿದ ಮೇಲೆ.

ಕತ್ತಲಾಗುವ ಹೊತ್ತಿಗೆ ಬಸ್ಸಿನಿಂದ ಹೆಂಡತಿಯ ಫೋನು ಬಂತು. ಗುಮಾಸ್ತ ಎತ್ತಿಕೊಂಡ.

“ಅಮ್ಮ ಫೋನ್ ಮಾಡಿದ್ರು,” ಎಂದಳು. “ಅಳಿಯಂದಿರು ಬರ್ತಿದಾರಾ ಅಂತ ಕೇಳಿದ್ರು. ನಾನು ಸುಳ್ಳು ಹೇಳ್ಲಿಲ್ಲ. ಬರ್ತಿಲ್ಲಮ್ಮಾ, ಅವರು ಗೆದ್ರು, ಅವರಿಗೆ ರಜೆ ಸಿಕ್ತು ಅಂದೆ.”

“ಅದಕ್ಕೆ ಏನಂದ್ರು?”

“ಇನ್ನೇನಂತಾರೆ? ನೀವು ನನ್ನ ಜೊತೇಲಿಲ್ಲ ಅನ್ನೋದು ಅವರಿಗೆ ಈಗ ಖಾತ್ರಿಯಾಯ್ತು.”