ರೇವಣಸಿದ್ದಪ್ಪನ ಪಾರಂಪರಿಕ ಮನೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಮೊಳೆ. ಕೊಲ್ಲಿ ದೇಶದ ಊದ್ ಮೇಥಾ ಬಡಾವಣೆಯ ಹಳೆಯ ವಿಲ್ಲಾವೊಂದರಲ್ಲಿ ಬಾಡಿಗೆಗಿದ್ದ ಎಸಿ ಮೆಕ್ಯಾನಿಕ್ ರೇವಣಸಿದ್ದಪ್ಪ, ಮಗಳ ಶಾಲೆಚೀಲ ತೂಗುಹಾಕಲೆಂದು ಬೆಳಗ್ಗೆ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆಯಲು ಹೋದ. ಮೊಳೆ ಒಳಗಿಳಿಯುವ ಬದಲು ಬಾಗಿತು. ಬಣ್ಣ ಹಪ್ಪಳದಂತೆ ಎದ್ದು ಬಂದು ಅಡಿಯಲ್ಲಿ ಕಡುಗಂದು ಮರ ಕಾಣಿಸಿತು.

ಆ ವಿಲ್ಲಾದಲ್ಲಿ ಮೂರು ಸಂಸಾರ. ಒಳಕೋಣೆಗಳಲ್ಲಿ ಮಂಗಳೂರಿನ ಜುವಾಕಿಂ, ಹೋಟೆಲೊಂದರ ರಿಸೆಪ್ಷನ್ನಿನವನು. ಮಹಡಿಯ ಮೇಲೆ ಬಾಗಲಕೋಟೆಯ ಗಂಗವ್ವ, ಮಗ ಸೊಸೆಯ ಜೊತೆ. ಮುಂದಿನ ವರಾಂಡವನ್ನು ಯಾವ ಕಾಲದಲ್ಲೋ ಯಾರೋ ಪ್ಲೈವುಡ್ ಹೊಡೆದು ಮುಚ್ಚಿ ಕೋಣೆ ಮಾಡಿದ್ದರು. ಅಲ್ಲಿ ರೇವಣಸಿದ್ದಪ್ಪ, ಹೆಂಡತಿ ನೀಲಾಂಬಿಕಾ, ಮಗಳು ಅಪೂರ್ವಾ. ಮನೆ ಹಳೆಯದಾಯಿತು, ಕೆಡವುತ್ತೇವೆ, ಖಾಲಿ ಮಾಡಿ ಎಂದು ಮಾಲೀಕನ ಏಜೆಂಟ್ ಹಿಂದಿನ ವಾರವೇ ಹೇಳಿಹೋಗಿದ್ದ. ಬಿಟ್ಟರೆ ದೂರದ ಅಲ್ ನಹ್ದಾವೇ ಗತಿ. ಇಲ್ಲಿಂದ ಅಪೂರ್ವಾ ಶಾಲೆಗೆ ನಡೆದೇ ಹೋಗುತ್ತಿದ್ದಳು. ಹಾಗಾಗಿ ರೇವಣಸಿದ್ದಪ್ಪನಿಗೆ ಆ ಮನೆಯೆಂದರೆ ಪ್ರಾಣ.

ಮೊಳೆಯ ಸದ್ದಿಗೆ ಬಂದ ಜುವಾಕಿಂ ಮರವನ್ನು ಸವರಿ ನೋಡಿದ, ಮೊಬೈಲಿನಲ್ಲಿ ಏನೇನೋ ಹುಡುಕಿದ.

"ಇದು ಸಾಮಾನ್ಯ ಮನೆ ಅಲ್ಲ ಮಾರಾಯ್ರೇ. ಎಣ್ಣೆ ಕಂಪನಿಯ ಯಾರೋ ಅಮೆರಿಕದ ಎಂಜಿನಿಯರ್ ತನ್ನ ಊರಿನ ಹಾಗೆ ಕಟ್ಟಿಸಿದ್ದಂತೆ. ಕ್ರಾಫ್ಟ್ಸ್‌ಮನ್ ಶೈಲಿ. ಅಂದ್ರೆ ಬಡಗಿಯ ಕೈಕೆಲಸ ಎದ್ದು ಕಾಣ್ಬೇಕು. ಇಂಥದ್ದು ಪಾರಂಪರಿಕ ಅಂತ ಆದ್ರೆ ಕೆಡವ್ಲಿಕ್ಕೆ ಬಿಡುದಿಲ್ಲ."

ರೇವಣಸಿದ್ದಪ್ಪ ತಲೆ ಕೆರೆದುಕೊಂಡ. "ಹಳೇದೈತಿ ಅಂತ ಕೆಡವತೀನಿ ಅಂತಾನ ಏಜೆಂಟ್. ಹಳೇದೈತಿ ಅಂತ ಉಳಸ್ತಾರ ಅಂತೀರಿ ನೀವು. ಯಾರದು ಖರೇ ಅಂತ ತಿಳ್ಕೋಬೇಕ್ರಿ?"

"ನೀವು ತಿಳ್ಕೊಳ್ಳುದು ಬೇಡ. ಸುಮ್ಮನೆ ನಿಲ್ಲಿ ಸಾಕು," ಎಂದ ಜುವಾಕಿಂ, ಹಳೇ ಕಟ್ಟಡಗಳ ಉಸ್ತುವಾರಿ ಕಚೇರಿಗೆ ಫೋಟೋ ಕಳಿಸಿಬಿಟ್ಟ. ಮಧ್ಯಾಹ್ನ ಬರುತ್ತೇವೆ ಎಂದು ಉತ್ತರ ಬಂತು. ರೇವಣಸಿದ್ದಪ್ಪ ಕೆಲಸಕ್ಕೆ ರಜೆ ಹೇಳಿದ.

ಸುದ್ದಿ ಕೇಳಿ ಗಂಗವ್ವ ಬಕೆಟ್ ಸಮೇತ ಇಳಿದು ಬಂದಳು. "ದೊಡ್ಡ ಮಂದಿ ಬರೂ ಹೊತ್ತಿಗೆ ಮನಿ ಹಿಂಗ ಇಡತಾರೇನೋ ತಮ್ಮಾ? ತಿಕ್ಕು."

"ತಿಕ್ಕಬೇಡಿ, ಧೂಳು ಇರ್ಲಿ. ಹಳೇದು ಅಂತ ಗೊತ್ತಾಗ್ಬೇಕಲ್ಲ," ಎಂದ ಜುವಾಕಿಂ.

ರೇವಣಸಿದ್ದಪ್ಪ ಬಕೆಟ್ ಹೊರಗಿಟ್ಟ. ಗಂಗವ್ವ ಗದರಿದಾಗ ಒಳಗೆ ತಂದ. ಜುವಾಕಿಂ ಕೆಮ್ಮಿದಾಗ ಮತ್ತೆ ಹೊರಗಿಟ್ಟ. ಅಷ್ಟರಲ್ಲಿ ಗಂಗವ್ವ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಚೌಕಟ್ಟಿನ ಮರ ಒಣಗಿದೆಯೆಂದು ಕೊಬ್ಬರಿ ಎಣ್ಣೆ ಸುರಿದು ತಿಕ್ಕಿದ್ದಳು. ಮರ ಕುಡಿದು ಉಳಿದ ಎಣ್ಣೆ ನೆಲಕ್ಕಿಳಿದಿತ್ತು. ನೀಲಾಂಬಿಕಾ ಚಹಾಕ್ಕಿಟ್ಟಳು.

ಮಧ್ಯಾಹ್ನ ಅಧಿಕಾರಿ ಹನಾ ಬಂದಳು. ಕಪ್ಪು ಅಬಾಯಾ ನಿಲುವಂಗಿ, ಕೈಯಲ್ಲಿ ಟ್ಯಾಬ್, ನಯವಾದ ಇಂಗ್ಲಿಷ್. ಹೊಸ್ತಿಲ ಹಳದಿ ನೋಡಿ, "ಇದು ಮೂಲ ಬಣ್ಣವೇ?" ಎಂದು ಕೇಳಿದಳು. ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ರೇವಣಸಿದ್ದಪ್ಪ ಜುವಾಕಿಂನ ಮುಖ ನೋಡಿದ, ಜುವಾಕಿಂ ಗಂಗವ್ವನ ಮುಖ ನೋಡಿದ. ಹನಾ ಫೋಟೋ ತೆಗೆದುಕೊಂಡು ಒಳಗೆಲ್ಲ ಸುತ್ತಿದಳು. ಟೈಲ್ಸ್, ಅಲ್ಯೂಮಿನಿಯಂ ಕಿಟಕಿ, ಪ್ಲೈವುಡ್. ಅವಳ ಮುಖ ಸಣ್ಣದಾಗುತ್ತ ಹೋಯಿತು.

"ಒಂದು ಚೌಕಟ್ಟಿನಿಂದ ಏನೂ ಆಗುವುದಿಲ್ಲ. ಕ್ಷಮಿಸಿ," ಎಂದು ಅವಳು ಹೊರಟೇಬಿಟ್ಟಳು.

"ಮೇಡಂ, ಒಂದ್ ಮಿನಿಟ್," ಎನ್ನುತ್ತ ಓಡಿದ ರೇವಣಸಿದ್ದಪ್ಪ ಎಣ್ಣೆಯ ಮೇಲೆ ಕಾಲಿಟ್ಟ. ಜಾರಿದವನಿಗೆ ಕೈಗೆ ಸಿಕ್ಕಿದ್ದು ಗೋಡೆಯ ಪ್ಲೈವುಡ್ಡಿನ ಅಂಚು. ಅವನೂ ಹಲಗೆಯೂ ಒಟ್ಟಿಗೆ ನೆಲ ಕಂಡರು.

ಹಲಗೆ ಇದ್ದ ಜಾಗದಲ್ಲಿ ಈಗ ದಪ್ಪನೆಯ ಕಂಬವೊಂದು ನಿಂತಿತ್ತು. ಬುಡದಲ್ಲಿ ಕಲ್ಲು, ಮೇಲೆ ಹೋಗುತ್ತ ಸಣ್ಣದಾಗುವ ಮರ, ಅದರ ತಲೆಯ ಮೇಲೆ ಒಂದು ಮೊಳೆಯೂ ಇಲ್ಲದೆ ಬೆಸೆದ ತೊಲೆಗಳು. ಹನಾ ಟ್ಯಾಬನ್ನು ಎದೆಗವಚಿಕೊಂಡು ನಿಂತಳು.

"ಇಷ್ಟು ಹಳೆಯ ಕ್ರಾಫ್ಟ್ಸ್‌ಮನ್ ಮನೆ ನಾನು ಇಲ್ಲಿ ಕಂಡೇ ಇಲ್ಲ," ಎಂದಳು ಮೆಲ್ಲಗೆ. ಅಂಗಳಕ್ಕಿಳಿದು ಮೇಲಧಿಕಾರಿಗಳ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದು, "ಈ ಮನೆಯನ್ನು ಕೆಡವುವುದಿಲ್ಲ. ಒಳಗಿನವರೂ ಮಹಡಿಯವರೂ ನಿಶ್ಚಿಂತೆಯಾಗಿರಿ," ಎಂದಳು.

ಜುವಾಕಿಂ ರೇವಣಸಿದ್ದಪ್ಪನನ್ನು ಎಬ್ಬಿಸಿ ತಬ್ಬಿಕೊಂಡ. ಗಂಗವ್ವ ಅವನ ದೃಷ್ಟಿ ತೆಗೆದಳು. ಸೊಂಟ ಹಿಡಿದುಕೊಂಡೇ ರೇವಣಸಿದ್ದಪ್ಪ ನಕ್ಕ. ಜೀವನದಲ್ಲಿ ಮೊದಲ ಬಾರಿ ತಾನೊಂದು ದೊಡ್ಡ ಕೆಲಸ ಮಾಡಿದೆ ಅನ್ನಿಸಿ ಅವನ ಕಣ್ಣು ತುಂಬಿತು.

ಚಹಾದ ತಟ್ಟೆ ಹಿಡಿದು ನಿಂತಿದ್ದ ನೀಲಾಂಬಿಕಾ ಮಾತ್ರ ನಗಲಿಲ್ಲ. "ಒಳಗಿನವರು, ಮ್ಯಾಲಿನವರು ಅಂದ್ರು. ನಾವು?" ಎಂದು ಗಂಡನನ್ನು ಕೇಳಿದಳು. ಅವನು ಅದನ್ನೇ ಹನಾಳನ್ನು ಕೇಳಿದ.

"ಈ ಮನೆಯ ಬೆಲೆಯೆಲ್ಲ ಈ ವರಾಂಡದಲ್ಲಿದೆ. ನೀವೇ ತೋರಿಸಿಕೊಟ್ಟಿರಿ," ಎಂದಳು ಹನಾ, ಕೃತಜ್ಞತೆಯಿಂದ. "ಇದನ್ನು ಮೊದಲಿದ್ದ ಹಾಗೆ ತೆರೆದಿಡಬೇಕು. ಹಲಗೆಯೆಲ್ಲ ತೆಗೆಯುತ್ತೇವೆ. ಇಲ್ಲಿ ಯಾರೂ ವಾಸ ಮಾಡುವಂತಿಲ್ಲ. ಗಾಳಿಗೆ ಕೂರಲು ಎರಡು ಕುರ್ಚಿ ಹಾಕಬಹುದು."

ರೇವಣಸಿದ್ದಪ್ಪ ಕಂಬವನ್ನು ನೋಡಿದ, ಬಿದ್ದ ಹಲಗೆಯನ್ನು ನೋಡಿದ, ಮಗಳ ಶಾಲೆಚೀಲವನ್ನು ನೋಡಿದ.

ಜುವಾಕಿಂ ಅವನ ಹೆಗಲ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಬೇಡಿ ಮಾರಾಯ್ರೇ. ನಹ್ದಾದಿಂದ ಬಸ್ಸುಂಟು. ಸಂಜೆ ಬನ್ನಿ, ಒಂದು ಕುರ್ಚಿ ನಿಮಗೇ ಅಂತ ಇಡುವ."